ಹಿಟ್ಟಿನ ಚೀಲದ ಮೇಲೆ ಯಾರ ಹೆಸರು? ಕ್ಷೌರದಂಗಡಿಯಿಂದ ರೇಡಿಯೊಗೆ ಬಂದ ಬಾಬ್ ವಿಲ್ಸ್ ಕಥೆ

ಅಂಗಡಿ ಇಟ್ಟುಕೊಂಡವರಿಗೆ ಇದು ಚೆನ್ನಾಗಿ ಗೊತ್ತಿರುವ ತಲೆನೋವು. ಗಿರಾಕಿ ಬರುವುದು ಬೋರ್ಡಿನ ಮೇಲಿನ ಹೆಸರು ನೋಡಿಯೋ, ಕೌಂಟರ್‌ನಲ್ಲಿ ನಿಂತು ನಗುತ್ತಾ ಮಾತಾಡಿಸುವ ಹುಡುಗನ ಮುಖ ನೋಡಿಯೋ? ಆ ಹುಡುಗ ಕೆಲಸ ಬಿಟ್ಟು ಎದುರು ಸಾಲಿನಲ್ಲಿ ಸ್ವಂತ ಅಂಗಡಿ ಹಾಕಿದ ದಿನವೇ ಉತ್ತರ ಸಿಗೋದು. "ಮೊದಲು ಇಂಥವರ ಅಂಗಡಿಯಲ್ಲಿದ್ದವರು" ಅಂತ ಬೋರ್ಡ್ ಬೇರೆ ಬರೆಸಿದರೆ ಜಗಳ ಗ್ಯಾರಂಟಿ.

ಸುಮಾರು ತೊಂಬತ್ತು ವರ್ಷದ ಹಿಂದೆ ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ಹೀಗೇ ಒಂದು ಜಗಳ ಕೋರ್ಟ್ ಮೆಟ್ಟಿಲು ಹತ್ತಿತ್ತು. ಒಂದು ಕಡೆ ಗೋಧಿ ಹಿಟ್ಟಿನ ಗಿರಣಿ. ಇನ್ನೊಂದು ಕಡೆ ಆ ಗಿರಣಿಯ ಹಿಟ್ಟಿಗಾಗಿ ರೇಡಿಯೊದಲ್ಲಿ ಪಿಟೀಲು ಬಾರಿಸುತ್ತಿದ್ದ ಬಾಬ್ ವಿಲ್ಸ್. ಕೆಲವೇ ವರ್ಷ ಹಿಂದೆ ಅವರು ಒಂದು ಪುಟ್ಟ ಊರಿನ ಕ್ಷೌರದಂಗಡಿಯಲ್ಲಿ ಕತ್ತರಿ ಹಿಡಿದಿದ್ದವರು. ಮುಂದೆ ಅಮೆರಿಕದ ಕಂಟ್ರಿ ಸಂಗೀತದ ದೊಡ್ಡ ಹೆಸರುಗಳಲ್ಲಿ ಒಂದಾದರು.

ಕಂಟ್ರಿ ಸಂಗೀತ ಅಂದರೆ ಅಮೆರಿಕದ ಹಳ್ಳಿಗಾಡಿನ ಬಿಳಿಯ ಕುಟುಂಬಗಳಲ್ಲಿ ಪಿಟೀಲು, ಗಿಟಾರ್, ಬ್ಯಾಂಜೊ ಹಿಡಿದು ಹಾಡಿಕೊಂಡು ಬಂದ ಹಾಡುಗಳ ಪರಂಪರೆ. ಮೊದಮೊದಲು ಪಟ್ಟಣದವರು ಇದನ್ನು "ಹಿಲ್‌ಬಿಲಿ" ಅಂತ ಕರೆಯುತ್ತಿದ್ದರು. ಆ ಪದದಲ್ಲಿ ಗುಡ್ಡಗಾಡಿನ ಗಮಾರ ಎನ್ನುವ ಹೀಯಾಳಿಕೆ ಇತ್ತು. ರೇಡಿಯೊ ಬಂದ ಮೇಲೆ ಅದೇ ಗಮಾರರ ಹಾಡಿಗೆ ಮಾರುಕಟ್ಟೆ ಇದೆ ಅಂತ ವ್ಯಾಪಾರಿಗಳಿಗೆ ಗೊತ್ತಾಯಿತು. ವಿಲ್ಸ್ ಅವರ ಬದುಕಿನಷ್ಟು ಚೆನ್ನಾಗಿ ಆ ಮಾರುಕಟ್ಟೆಯನ್ನು ತೋರಿಸುವ ಕಥೆ ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ.

ಹತ್ತಿ ಹೊಲ, ಪಿಟೀಲು, ಕತ್ತರಿ

ಪೂರ್ತಿ ಹೆಸರು ಜೇಮ್ಸ್ ರಾಬರ್ಟ್ ವಿಲ್ಸ್. ಹುಟ್ಟಿದ್ದು 1905ರ ಮಾರ್ಚ್ 6ರಂದು, ಟೆಕ್ಸಸ್‌ನ ಕೋಸ್ ಎಂಬ ಊರಿನ ಹತ್ತಿರ. ಹತ್ತು ಮಕ್ಕಳಲ್ಲಿ ಮೊದಲನೆಯವರು. ಅಪ್ಪ ಜಾನ್ ವಿಲ್ಸ್ ಬೇಸಾಯಗಾರ, ಜೊತೆಗೆ ಸುತ್ತಮುತ್ತ ಹೆಸರಿದ್ದ ಪಿಟೀಲುವಾದಕ. 1913ರಲ್ಲಿ ಕುಟುಂಬ ಗಂಟುಮೂಟೆ ಕಟ್ಟಿಕೊಂಡು ಅದೇ ರಾಜ್ಯದ ವಾಯವ್ಯ ಭಾಗಕ್ಕೆ, ಹಾಲ್ ಕೌಂಟಿಗೆ ಹೋಯಿತು. ಅಲ್ಲಿ ಟರ್ಕಿ ಅಂತ ಒಂದು ಪುಟ್ಟ ಊರು. ಹೆಸರು ಕೇಳಿ ಟರ್ಕಿ ದೇಶ ಅಂದುಕೊಳ್ಳಬೇಡಿ, ಹತ್ತಿ ಬೆಳೆಯುವ ಬಯಲುಸೀಮೆಯ ಊರದು.

ಹುಡುಗ ಮೊದಲು ಕಲಿತದ್ದು ಮ್ಯಾಂಡೊಲಿನ್, ಅಪ್ಪನ ಪಿಟೀಲಿಗೆ ಜೊತೆ ಕೊಡೋದಕ್ಕೆ. ಹತ್ತು ವರ್ಷದವನಿದ್ದಾಗ ಒಂದು ರಾತ್ರಿ ನೃತ್ಯ ಕೂಟಕ್ಕೆ ಅಪ್ಪ ಹೊತ್ತಿಗೆ ಸರಿಯಾಗಿ ಬರಲಿಲ್ಲವಂತೆ. ಜನ ಕಾಯುತ್ತಾ ಕೂತಿದ್ದರು. ಹುಡುಗನೇ ಪಿಟೀಲು ಎತ್ತಿಕೊಂಡು ತನಗೆ ಬರುತ್ತಿದ್ದ ನಾಲ್ಕಾರು ಧಾಟಿಗಳನ್ನೇ ತಿರುಗಿಸಿ ಮುರುಗಿಸಿ ರಾತ್ರಿ ಕಳೆದ ಅನ್ನೋದು ಆ ಮನೆತನದಲ್ಲಿ ಹೇಳಿಕೊಂಡು ಬಂದ ಕಥೆ. ಜನ ಕುಣಿಯುತ್ತಿದ್ದಾರೋ ಇಲ್ಲವೋ ಎಂಬ ಲೆಕ್ಕ ಅವರ ತಲೆಯಲ್ಲಿ ಕಡೆಯವರೆಗೂ ಇತ್ತು. ಸಂಗೀತ ಕೂತು ಕೇಳೋದಕ್ಕೆ ಅಂತ ಅವರು ಯಾವತ್ತೂ ಅಂದುಕೊಂಡವರಲ್ಲ.

ಇನ್ನೊಂದು ಪಾಠ ಹತ್ತಿ ಹೊಲದಲ್ಲಿ ಆಯಿತು. ಅಲ್ಲಿ ಜೊತೆಯಲ್ಲಿ ಹತ್ತಿ ಬಿಡಿಸುತ್ತಿದ್ದ ಕಪ್ಪು ಜನಾಂಗದ ಕೂಲಿಯವರು, ಅವರ ಮಕ್ಕಳು ಹಾಡುತ್ತಿದ್ದ ಬ್ಲೂಸ್ ಹಾಡುಗಳು ಹುಡುಗನ ಕಿವಿಗೆ ಬಿದ್ದವು. ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್ ಹಾಡುವುದನ್ನು ಕೇಳಲು ಕುದುರೆ ಮೇಲೆ 50 ಮೈಲಿ, ಅಂದರೆ 80 ಕಿಲೋಮೀಟರ್ ಹೋಗಿದ್ದೆ ಅಂತ ವಿಲ್ಸ್ ಮುಂದೆ ಹೇಳಿಕೊಳ್ಳುತ್ತಿದ್ದರು. ಅಪ್ಪನ ಪಿಟೀಲು ಧಾಟಿಗೆ ಈ ಬ್ಲೂಸ್ ಸೇರಿತು. ಅವರ ಸಂಗೀತದ ಅರ್ಧ ಬಂಡವಾಳ ಅಲ್ಲಿಂದ ಬಂದದ್ದು. ಆದರೆ ಆ ಕಾಲದ ಟೆಕ್ಸಸ್, ಓಕ್ಲಹೋಮಗಳಲ್ಲಿ ವರ್ಣಭೇದ ಗಟ್ಟಿಯಾಗಿತ್ತು. ಹಾಡು ಕಲಿಸಿದವರ ಮಕ್ಕಳು ಅದೇ ಹಾಡು ನಡೆಯುವ ನೃತ್ಯಶಾಲೆಗೆ ಗಿರಾಕಿಗಳಾಗಿ ಕಾಲಿಡುವ ಹಾಗಿರಲಿಲ್ಲ. ಈ ಕಥೆ ಹೇಳುವಾಗ ಇದನ್ನು ಬಿಟ್ಟು ಹೇಳುವವರೇ ಜಾಸ್ತಿ.

ಪಿಟೀಲಿನಿಂದ ಹೊಟ್ಟೆ ತುಂಬೋದಿಲ್ಲವಲ್ಲ. ವಿಲ್ಸ್ ಕ್ಷೌರದ ಕೆಲಸ ಕಲಿತರು. ಟರ್ಕಿ ಊರಿನಲ್ಲಿ ಹಗಲು ಕತ್ತರಿ, ರಾತ್ರಿ ಪಿಟೀಲು. ಮದುವೆಯೂ ಆಯಿತು. 1929ರಲ್ಲಿ ಫೋರ್ಟ್ ವರ್ತ್ ನಗರಕ್ಕೆ ಹೊರಟರು. ಅಲ್ಲಿ ಮೊದಲು ಸಿಕ್ಕಿದ ಕೆಲಸ "ಮೆಡಿಸಿನ್ ಶೋ"ನಲ್ಲಿ. ಜಾತ್ರೆಯಲ್ಲಿ ಹಾಡಿ ಕುಣಿದು ಜನ ಸೇರಿಸಿ ಆಮೇಲೆ ಸರ್ವರೋಗಕ್ಕೂ ಒಂದೇ ಔಷಧಿ ಅಂತ ಬಾಟಲಿ ಮಾರುವುದು ನೋಡಿದ್ದೀರಲ್ಲ, ಅದೇ. ಮುಖಕ್ಕೆ ಕಪ್ಪು ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವ ಹಾಸ್ಯವನ್ನೂ ಅಲ್ಲಿ ಮಾಡಿದರು. ಇವತ್ತು ಯಾರೂ ಮೆಚ್ಚುವ ಕೆಲಸವಲ್ಲ ಅದು. ಆ ತಂಡದಲ್ಲಿ ಆಗಲೇ ಒಬ್ಬ ಜಿಮ್ ಇದ್ದದ್ದರಿಂದ ಇವರಿಗೆ "ಬಾಬ್" ಅಂತ ಹೆಸರಿಟ್ಟರು, ಅದೇ ಉಳಿಯಿತು.

ಹಾಡು ಮೊದಲೋ ಹಿಟ್ಟು ಮೊದಲೋ

ಆ ಕಾಲದ ಅಮೆರಿಕನ್ ರೇಡಿಯೊ ಹೇಗೆ ನಡೆಯುತ್ತಿತ್ತು ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ವಿವಿಧ ಭಾರತಿಗೆ ಜಾಹೀರಾತು ಬಂದದ್ದೇ 1967ರಲ್ಲಿ. ಅಲ್ಲಿ 1930ರ ಹೊತ್ತಿಗೇ ರೇಡಿಯೊ ಕೇಂದ್ರಗಳು ಖಾಸಗಿಯವರ ಕೈಯಲ್ಲಿದ್ದವು, ಕಾರ್ಯಕ್ರಮದ ಸಮಯವನ್ನು ಕಂಪನಿಗಳು ಕೊಳ್ಳುತ್ತಿದ್ದವು. ಕಾರ್ಯಕ್ರಮದ ಹೆಸರು, ಕೆಲವೊಮ್ಮೆ ಹಾಡುವ ತಂಡದ ಹೆಸರು ಕೂಡ ಕಂಪನಿಯ ಸರಕಿನದ್ದೇ. ವಿಲ್ಸ್ ಮತ್ತು ಗೆಳೆಯರು ಮೊದಲು ಅಲಾದಿನ್ ಎಂಬ ದೀಪದ ಕಂಪನಿಗೆ ಹಾಡಿದರು. ತಂಡದ ಹೆಸರು "ಅಲಾದಿನ್ ಲ್ಯಾಡೀಸ್" ಆಯಿತು. 1931ರಲ್ಲಿ ಬರ್ರಸ್ ಮಿಲ್ ಎಂಬ ಹಿಟ್ಟಿನ ಗಿರಣಿ ಸಿಕ್ಕಿತು. ಅವರ ಹಿಟ್ಟಿನ ಬ್ರ್ಯಾಂಡ್ "ಲೈಟ್ ಕ್ರಸ್ಟ್". ತಂಡದ ಹೆಸರು "ಲೈಟ್ ಕ್ರಸ್ಟ್ ಡೋಬಾಯ್ಸ್" ಆಯಿತು. ಡೋ ಅಂದರೆ ಕಣಕ, ಹಾಗಾಗಿ ಲೈಟ್ ಕ್ರಸ್ಟಿನ ಕಣಕದ ಹುಡುಗರು ಅಂತ ಇಟ್ಟುಕೊಳ್ಳಿ. ವಿಲ್ಸ್ ಪಿಟೀಲು, ಹರ್ಮನ್ ಆರ್ನ್‌ಸ್ಪೈಗರ್ ಗಿಟಾರ್, ಮಿಲ್ಟನ್ ಬ್ರೌನ್ ಹಾಡು. ಮೂರೇ ಜನ, ಫೋರ್ಟ್ ವರ್ತ್‌ನ ಕೆಎಫ್‌ಜೆಝಡ್ ಕೇಂದ್ರದಿಂದ ಬೆಳಗಿನ ಕಾರ್ಯಕ್ರಮ.

ಗಿರಣಿಯಲ್ಲಿ ಮಾರಾಟ ನೋಡಿಕೊಳ್ಳುತ್ತಿದ್ದವರು ಡಬ್ಲ್ಯು. ಲೀ ಓಡ್ಯಾನಿಯಲ್. ಈ ಸಾಹೇಬರಿಗೆ ಹಿಲ್‌ಬಿಲಿ ಸಂಗೀತ ಅಂದರೆ ಆಗುತ್ತಿರಲಿಲ್ಲ. ಎರಡೇ ವಾರದಲ್ಲಿ ಕಾರ್ಯಕ್ರಮ ನಿಲ್ಲಿಸಿಬಿಟ್ಟರು. ಕೇಳುಗರು ಬೇಕು ಅಂದರು, ವಿಲ್ಸ್ ಅವರ ಕಚೇರಿಗೆ ಹೋಗಿ ಪಟ್ಟು ಹಿಡಿದರು. ಕೊನೆಗೆ ಒಪ್ಪಿದರು, ಆದರೆ ಷರತ್ತು ಹಾಕಿ: ಹಾಡುವುದರ ಜೊತೆಗೆ ಗಿರಣಿಯಲ್ಲೂ ದುಡಿಯಬೇಕು. ವಿಲ್ಸ್ ಲಾರಿ ಓಡಿಸಿದರು, ಆರ್ನ್‌ಸ್ಪೈಗರ್ ಸರಕು ಏರಿಸುವ ಕಟ್ಟೆಯಲ್ಲಿ ಕೆಲಸ ಮಾಡಿದರು, ಬ್ರೌನ್ ಹಿಟ್ಟಿನ ಮಾರಾಟಕ್ಕೆ ತಿರುಗಿದರು. ಬೆಳಿಗ್ಗೆ ಮೈಕಿನ ಮುಂದೆ, ಆಮೇಲೆ ಮೂಟೆಯ ಮುಂದೆ.

ಹಿಟ್ಟು ಖರ್ಚಾಗತೊಡಗಿದ ಮೇಲೆ ಸಾಹೇಬರ ಮನಸ್ಸೂ ಬದಲಾಯಿತು. ತಾವೇ ಮೈಕು ಹಿಡಿದರು. ಕಾರ್ಯಕ್ರಮ ದೊಡ್ಡ ಕೇಂದ್ರಕ್ಕೆ ಹೋಯಿತು, ಮಧ್ಯಾಹ್ನದ ಹೊತ್ತಿಗೆ ಬಂತು, ಒಂದಕ್ಕಿಂತ ಹೆಚ್ಚು ಕೇಂದ್ರಗಳಲ್ಲಿ ಕೇಳತೊಡಗಿತು. ಓಡ್ಯಾನಿಯಲ್ ಅಮ್ಮಂದಿರ ಬಗ್ಗೆ ಪದ್ಯ ಓದುತ್ತಿದ್ದರು, ಹಿತವಚನ ಹೇಳುತ್ತಿದ್ದರು, ನಡುನಡುವೆ ಹಿಟ್ಟು. ಹಾಡುವವರಿಗೆ ಇದರಿಂದ ಸಿಕ್ಕಿದ್ದು ಸಂಬಳ ಮಾತ್ರ. ರಾತ್ರಿ ನೃತ್ಯ ಕೂಟಗಳಲ್ಲಿ ಬಾರಿಸಿ ನಾಲ್ಕು ಕಾಸು ಮಾಡಿಕೊಳ್ಳೋಣ ಅಂದರೆ ಅದಕ್ಕೆ ಸಾಹೇಬರು ಅಡ್ಡ ಬಂದರು. 1932ರಲ್ಲಿ ಮಿಲ್ಟನ್ ಬ್ರೌನ್ ಬೇಸತ್ತು ಹೊರಗೆ ಬಂದು ಸ್ವಂತ ತಂಡ ಕಟ್ಟಿದರು. (ಅದೂ ಚೆನ್ನಾಗಿ ಬೆಳೆಯುತ್ತಿತ್ತು. 1936ರಲ್ಲಿ ಕಾರು ಅಪಘಾತವಾಗಿ ಬ್ರೌನ್ ತೀರಿಕೊಂಡರು. ಅವರು ಬದುಕಿದ್ದರೆ ಈ ಲೇಖನ ಬಹುಶಃ ಇಬ್ಬರ ಮೇಲೆ ಬರೆಯಬೇಕಾಗುತ್ತಿತ್ತು.) ಅವರ ಜಾಗಕ್ಕೆ ಹಲವಾರು ಗಾಯಕರನ್ನು ಹಾಡಿಸಿ ನೋಡಿದ ವಿಲ್ಸ್, ಕೊನೆಗೆ ಟಾಮಿ ಡಂಕನ್ ಎಂಬ ಹುಡುಗನನ್ನು ಆರಿಸಿಕೊಂಡರು.

ವಿಲ್ಸ್ ಅವರ ಕಡೆಯಿಂದಲೂ ತಪ್ಪಿತ್ತು. ಕುಡಿತದ ಚಟ. ಕುಡಿಯಲು ಶುರು ಮಾಡಿದರೆ ಕೆಲಸದ ನೆನಪಿರುತ್ತಿರಲಿಲ್ಲ, ಪ್ರಸಾರಕ್ಕೆ ತಪ್ಪಿಸಿಕೊಳ್ಳುತ್ತಿದ್ದರು. 1933ರ ಆಗಸ್ಟ್‌ನಲ್ಲಿ ಗಿರಣಿಯ ಕೆಲಸ ಹೋಯಿತು.

"ಹಿಂದೆ ಅಲ್ಲಿದ್ದವರು"

ವಿಲ್ಸ್ ತಮ್ಮ ಜೊತೆ ಟಾಮಿ ಡಂಕನ್, ಸ್ವಂತ ತಮ್ಮ ಜಾನಿ ಲೀ ಮತ್ತು ಇನ್ನಿಬ್ಬರನ್ನು ಕರೆದುಕೊಂಡು ಟೆಕ್ಸಸ್‌ನ ವೇಕೊ ನಗರಕ್ಕೆ ಹೋದರು. ಹೊಸ ತಂಡದ ಹೆಸರು "ಪ್ಲೇಬಾಯ್ಸ್". ಹೊಸ ಊರಿನಲ್ಲಿ ಇವರು ಯಾರು ಅಂತ ಜನಕ್ಕೆ ಗೊತ್ತಾಗಬೇಕಲ್ಲ? ಜಾಹೀರಾತಿನಲ್ಲಿ "ಹಿಂದೆ ಲೈಟ್ ಕ್ರಸ್ಟ್ ಡೋಬಾಯ್ಸ್‌ನಲ್ಲಿದ್ದವರು" ಅಂತ ಹಾಕಿಕೊಂಡರು. ಅದೇ ನೆಪ. ಗಿರಣಿ ಕೋರ್ಟಿಗೆ ಹೋಗಿ 10,000 ಡಾಲರ್ ಪರಿಹಾರ ಕೇಳಿತು. ಅಮೆರಿಕ ಆರ್ಥಿಕ ಮಹಾಕುಸಿತದ ತಳ ಮುಟ್ಟಿದ್ದ ಕಾಲ ಅದು. ಪಿಟೀಲು ಬಾರಿಸುವವನೊಬ್ಬನಿಗೆ ಅದು ಸಣ್ಣ ಮೊತ್ತ ಅಲ್ಲ.

ಗಿರಣಿ ಹೇಳಿದ್ದರಲ್ಲಿ ಸ್ವಲ್ಪ ಹುರುಳಿಲ್ಲದೆ ಇರಲಿಲ್ಲ. ಆ ಹೆಸರು ಅವರದು, ಅದನ್ನು ಊರೂರಿಗೆ ಮುಟ್ಟಿಸಿದ ರೇಡಿಯೊ ಸಮಯಕ್ಕೆ ದುಡ್ಡು ಕಟ್ಟಿದ್ದೂ ಅವರೇ. ಆದರೆ ವಿಲ್ಸ್ ಬರೆಸಿದ್ದರಲ್ಲಿ ಸುಳ್ಳೇನಿತ್ತು? ನಿಜಕ್ಕೂ ಹಿಂದೆ ಅಲ್ಲಿ ಇದ್ದವರೇ. ಕೋರ್ಟು ವಿಲ್ಸ್ ಪರ ನಿಂತಿತು. ಬ್ರ್ಯಾಂಡ್ ಗಿರಣಿಯದಾದರೂ, ಅಲ್ಲಿ ದುಡಿದ ಅನುಭವವನ್ನು ಹೇಳಿಕೊಳ್ಳುವ ಹಕ್ಕು ದುಡಿದವನದು.

ಸಾಹೇಬರು ಅಷ್ಟಕ್ಕೇ ಬಿಡಲಿಲ್ಲ. 1934ರ ಆರಂಭದಲ್ಲಿ ವಿಲ್ಸ್ ತಂಡ ಪಕ್ಕದ ರಾಜ್ಯದ ಓಕ್ಲಹೋಮ ಸಿಟಿಗೆ ಹೋಗಿ ಡಬ್ಲ್ಯುಕೆವೈ ಕೇಂದ್ರದಲ್ಲಿ ಹಾಡತೊಡಗಿತು. ಓಡ್ಯಾನಿಯಲ್ ಆ ಕೇಂದ್ರದವರ ಮುಂದೆ ಒಂದು ಆಸೆ ಇಟ್ಟರು: ವಿಲ್ಸ್‌ನನ್ನು ತೆಗೆಯಿರಿ, ನಮ್ಮ ಹಿಟ್ಟಿನ ಕಾರ್ಯಕ್ರಮವನ್ನು ನಿಮಗೆ ಕೊಡುತ್ತೇವೆ. ದುಡ್ಡು ಕೊಡುವ ಗಿರಾಕಿಯನ್ನು ಯಾರು ಬಿಡುತ್ತಾರೆ? ಕೆಲವೇ ದಿನದಲ್ಲಿ ವಿಲ್ಸ್ ಮತ್ತೆ ಬೀದಿಗೆ ಬಂದರು.

ತುಲ್ಸಾದ ಮಧ್ಯಾಹ್ನ

ಅಲ್ಲಿಂದ ಹೋದದ್ದು ಅದೇ ರಾಜ್ಯದ ತುಲ್ಸಾ ನಗರಕ್ಕೆ. ತೈಲಬಾವಿಗಳಿಂದ ಬೆಳೆದ ಊರು. ಅಲ್ಲಿನ ಕೆವಿಓಓ ಕೇಂದ್ರ 25,000 ವ್ಯಾಟ್‌ನದು. 1934ರ ಫೆಬ್ರವರಿ 9ರಂದು, ನಡುರಾತ್ರಿಯ ಹೊತ್ತಿನಲ್ಲಿ ತಂಡಕ್ಕೆ ಮೊದಲ ಅವಕಾಶ ಸಿಕ್ಕಿತು. ನಡುರಾತ್ರಿ ಅಂದರೆ ಯಾರು ಕೇಳುತ್ತಾರೆ ಅನ್ನಬೇಡಿ. ಮಧ್ಯಮ ತರಂಗದ ರೇಡಿಯೊ ಹಗಲಿಗಿಂತ ರಾತ್ರಿ ಬಹಳ ದೂರ ಹೋಗುತ್ತೆ. ಆಕಾಶದ ಮೇಲಿನ ಪದರಕ್ಕೆ ತಾಗಿ ವಾಪಸ್ ಭೂಮಿಗೆ ಬೀಳುತ್ತೆ. ರಾತ್ರಿ ಟ್ರಾನ್ಸಿಸ್ಟರ್ ಕಿವಿ ತಿರುವಿ ಶ್ರೀಲಂಕಾ, ಚೆನ್ನೈ ಹಿಡಿದಿದ್ದ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲೂ ಓಡ್ಯಾನಿಯಲ್ ಅವರ ಒತ್ತಡ ಬಂತು. ಆದರೆ ಕೇಂದ್ರದ ಮ್ಯಾನೇಜರ್ ಡಬ್ಲ್ಯು.ಬಿ. ವೇ ಬಗ್ಗಲಿಲ್ಲ. ವಿಲ್ಸ್ ತಂಡ ಉಳಿಯಿತು, ಅವರ ದಿನದ ಕಾರ್ಯಕ್ರಮ ಮಧ್ಯಾಹ್ನಕ್ಕೆ ನಿಂತಿತು. ಹೊಲದಿಂದ ಊಟಕ್ಕೆ ಬಂದ ರೈತರು, ಅಂಗಡಿಯಲ್ಲಿ ಗಿರಾಕಿ ಕಡಿಮೆಯಾಗಿ ಉಸಿರುಬಿಡುತ್ತಿದ್ದ ವ್ಯಾಪಾರಿಗಳು, ಅಡುಗೆಮನೆಯ ಹೆಂಗಸರು, ಎಲ್ಲರಿಗೂ ಒಂದೇ ಹೊತ್ತು. 1930ರ ದಶಕದ ನಡುವೆ ಅಮೆರಿಕದ ಹೊಲಮನೆಗಳಲ್ಲಿ ಹತ್ತಕ್ಕೆ ಒಂದರಲ್ಲಿ ಮಾತ್ರ ಕರೆಂಟು ಇತ್ತು. ಬ್ಯಾಟರಿ ರೇಡಿಯೊ ಇಟ್ಟುಕೊಂಡವರು ಬೇಕಾದ ಕಾರ್ಯಕ್ರಮಕ್ಕೆ ಮಾತ್ರ ಹಾಕಿ ಉಳಿದ ಹೊತ್ತು ಆರಿಸುತ್ತಿದ್ದರು. ಅಂಥ ಮನೆಯಲ್ಲಿ ನಿಮ್ಮ ಕಾರ್ಯಕ್ರಮಕ್ಕೆ ರೇಡಿಯೊ ಹಚ್ಚಿದರು ಅಂದರೆ ಅದು ಸಣ್ಣ ಮಾತಲ್ಲ. ಮೇಲಾಗಿ ಅದು ಮಳೆ ಕೈಕೊಟ್ಟು, ಮಣ್ಣೆಲ್ಲಾ ಧೂಳಾಗಿ ಗಾಳಿಯಲ್ಲಿ ಹಾರಿಹೋದ ಬರಗಾಲದ ವರ್ಷಗಳು. ಓಕ್ಲಹೋಮದ ಎಷ್ಟೋ ಕುಟುಂಬಗಳು ಊರು ಬಿಟ್ಟು ಕ್ಯಾಲಿಫೋರ್ನಿಯಾಗೆ ಗುಳೆ ಹೋಗುತ್ತಿದ್ದವು.

ನಿರೂಪಕರಾಗಿ ವಿಲ್ಸ್ ಏನು ಮಾಡುತ್ತಿದ್ದರು? ಕಾಗದ ನೋಡಿ ಓದುವ ಗತ್ತು ಅವರದಲ್ಲ. ಹಾಡಿನ ನಡುವೆಯೇ "ಆ... ಹಾ!" ಅಂತ ಉದ್ಗಾರ ತೆಗೆಯುತ್ತಿದ್ದರು, ಗಾಯಕನನ್ನು ಛೇಡಿಸುತ್ತಿದ್ದರು, ಮುಂದೆ ಬಾರಿಸಬೇಕಾದವನ ಹೆಸರು ಹಿಡಿದು ಕೂಗುತ್ತಿದ್ದರು. ಸ್ಟೀಲ್ ಗಿಟಾರಿನ ಲಿಯೋನ್ ಮೆಕಾಲಿಫ್, ಪಿಯಾನೊದ ಆಲ್ ಸ್ಟ್ರಿಕ್ಲಿನ್, ಡ್ರಮ್‌ನ ಸ್ಮೋಕಿ ಡೇಕಸ್, ಹೀಗೆ ತಂಡದ ಒಬ್ಬೊಬ್ಬರೂ ಕೇಳುಗರಿಗೆ ಮನೆಯ ಹುಡುಗರಷ್ಟು ಪರಿಚಯ. ಯಕ್ಷಗಾನದಲ್ಲಿ ಭಾಗವತರು ಮದ್ದಳೆಯವರ ಕಡೆ ಕಣ್ಣು ಹಾಯಿಸಿದರೆ ಸಾಕು ಪೆಟ್ಟು ಬೀಳುತ್ತಲ್ಲ, ಹಾಗೆ ವಿಲ್ಸ್ ಪಿಟೀಲಿನ ಕಮಾನು ಯಾರ ಕಡೆ ತೋರಿಸಿದರೋ ಅವರು ಎತ್ತಿಕೊಳ್ಳಬೇಕು. ಇವತ್ತು ಯಾರ ಸರದಿ ಅಂತ ತಂಡದವರಿಗೂ ಮೊದಲೇ ಗೊತ್ತಿರುತ್ತಿರಲಿಲ್ಲ.

ದುಡ್ಡಿನ ಲೆಕ್ಕ ಹೀಗಿತ್ತು. ಗಳಿಕೆ ರಾತ್ರಿ ನೃತ್ಯ ಕೂಟಗಳ ಟಿಕೆಟ್‌ನಿಂದ, ರೇಡಿಯೊ ಅದಕ್ಕೆ ಡಂಗುರ. ಮಧ್ಯಾಹ್ನ ಮೈಕಿನಲ್ಲಿ ಇಂಥ ವಾರ ಇಂಥ ಊರಿಗೆ ಬರುತ್ತೇವೆ ಅಂದರೆ ಆ ಊರಿನ ಸಭಾಂಗಣ ತುಂಬುತ್ತಿತ್ತು. ದೂರದ ಊರಿನಲ್ಲಿ ರಾತ್ರಿಯೆಲ್ಲಾ ಬಾರಿಸಿ, ಬಸ್ಸಿನಲ್ಲಿ ನಿದ್ದೆ ತೂಗಿ, ಮರುದಿನ ಮಧ್ಯಾಹ್ನದ ಪ್ರಸಾರಕ್ಕೆ ತುಲ್ಸಾಗೆ ವಾಪಸ್. 1935ರಿಂದ ಊರಿನ ಕೇನ್ಸ್ ನೃತ್ಯಶಾಲೆಯೇ ಅವರ ನೆಲೆ ಆಯಿತು. 1924ರಲ್ಲಿ ಗ್ಯಾರೇಜಿಗೆಂದು ಕಟ್ಟಿದ್ದ ಕಟ್ಟಡ ಅದು. ಗುರುವಾರ, ಶನಿವಾರ ಅಲ್ಲೇ ನೃತ್ಯ. ರೇಡಿಯೊ ಪ್ರಸಾರವೂ ಅಲ್ಲಿಂದಲೇ. ವ್ಯವಹಾರ ನೋಡಿಕೊಳ್ಳೋದಕ್ಕೆ ಓ.ಡಬ್ಲ್ಯು. ಮೇಯೊ ಎಂಬ ಮ್ಯಾನೇಜರ್ ಇದ್ದರು. ಈ ಹೆಸರು ನೆನಪಿಡಿ, ಮುಂದೆ ಇವರಿಲ್ಲದ ಕಡೆ ಏನಾಯಿತು ಅಂತ ನೋಡೋಣ.

ಅಂಗಡಿಯವರು ಗಮನಿಸಬೇಕಾದ ಜಾಗ ಇದು. ತುಲ್ಸಾದಲ್ಲಿ ಗಟ್ಟಿಯಾಗಿ ನಿಂತ ಮೇಲೆ ವಿಲ್ಸ್ ಕಾರ್ಯಕ್ರಮದ ಜೊತೆ ಒಂದು ಹೊಸ ಹಿಟ್ಟು ಮಾರುಕಟ್ಟೆಗೆ ಬಂತು. ಜನರಲ್ ಮಿಲ್ಸ್ ಕಂಪನಿಗೆ ಸೇರಿದ ರೆಡ್ ಸ್ಟಾರ್ ಗಿರಣಿ ಅದನ್ನು ಬೀಸುತ್ತಿತ್ತು. ಹೆಸರು "ಪ್ಲೇ ಬಾಯ್ ಫ್ಲೋರ್". ಅಂದರೆ ಪ್ಲೇಬಾಯ್ಸ್ ತಂಡದ ಹೆಸರಿನ ಹಿಟ್ಟು! ನಾಲ್ಕು ವರ್ಷ ಹಿಂದೆ ಹಿಟ್ಟಿನ ಹೆಸರನ್ನು ತಂಡಕ್ಕೆ ಇಟ್ಟಿದ್ದರು, ಈಗ ತಂಡದ ಹೆಸರನ್ನು ಹಿಟ್ಟಿಗೆ ಇಡಬೇಕಾಯಿತು. ಗಿರಣಿ ಯಾವುದಾದರೂ ಆಗಲಿ, ದಿನಸಿ ಅಂಗಡಿಗೆ ಬಂದ ಹೆಂಗಸರು ಕೇಳುವುದು ಬಾಬ್ ವಿಲ್ಸ್ ಹಿಟ್ಟು. ಮೂಟೆ ಹೊತ್ತು ಲಾರಿ ಓಡಿಸಿದವರು ಚೀಲದ ಮೇಲಿನ ಹೆಸರಾದರು.

ಹಳೇ ಸಾಹೇಬರು ಏನಾದರು ಅಂತ ಕೇಳುತ್ತೀರಾ? 1935ರಲ್ಲಿ ಬರ್ರಸ್ ಗಿರಣಿ ಓಡ್ಯಾನಿಯಲ್ ಅವರನ್ನೂ ಮನೆಗೆ ಕಳಿಸಿತು. ಅವರೂ ಸುಮ್ಮನಿರಲಿಲ್ಲ. ಸ್ವಂತ ಹಿಟ್ಟು ತಂದರು, ಅದಕ್ಕೆ "ಹಿಲ್‌ಬಿಲಿ" ಅಂತ ಹೆಸರಿಟ್ಟರು, "ಹಿಲ್‌ಬಿಲಿ ಬಾಯ್ಸ್" ಅಂತ ತಂಡ ಕಟ್ಟಿದರು. ಯಾವ ಸಂಗೀತ ಕೇಳಿದರೆ ಮುಖ ಸಿಂಡರಿಸುತ್ತಿದ್ದರೋ ಅದೇ ಹೆಸರು! 1938ರಲ್ಲಿ ಆ ತಂಡವನ್ನೇ ಊರೂರಿಗೆ ಕರೆದುಕೊಂಡು ಹೋಗಿ, ಹಿರಿಯರಿಗೆ ತಿಂಗಳಿಗೆ 30 ಡಾಲರ್ ಪಿಂಚಣಿ ಕೊಡಿಸುತ್ತೇನೆ ಅಂತ ಹೇಳಿ, ಟೆಕ್ಸಸ್ ರಾಜ್ಯದ ಗವರ್ನರ್ ಆಗಿ ಗೆದ್ದರು. ಅಲ್ಲಿ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಪಿಂಚಣಿ ಮಾತ್ರ ಹೇಳಿದ ಹಾಗೆ ಬರಲಿಲ್ಲ. 1941ರಲ್ಲಿ ಸೆನೆಟ್ ಚುನಾವಣೆಯಲ್ಲಿ ಮುಂದೆ ಅಮೆರಿಕದ ಅಧ್ಯಕ್ಷರಾದ ಲಿಂಡನ್ ಜಾನ್ಸನ್ ಅವರನ್ನೇ 1,311 ಮತಗಳಿಂದ ಸೋಲಿಸಿದರು. ರೇಡಿಯೊ ಕೇಳುಗರನ್ನು ಒಬ್ಬರು ಕುಣಿಸಿದರು, ಇನ್ನೊಬ್ಬರು ವೋಟು ಹಾಕಿಸಿದರು.

ಡ್ರಮ್ ಬೇಡ ಅಂದವರು

ಸಂಗೀತದ ವಿಷಯಕ್ಕೂ ಸ್ವಲ್ಪ ಬರೋಣ. ಪಿಟೀಲು, ಗಿಟಾರಿನ ಹಳ್ಳಿ ತಂಡಕ್ಕೆ ವಿಲ್ಸ್ ಡ್ರಮ್, ಸ್ಯಾಕ್ಸೊಫೋನ್, ಟ್ರಂಪೆಟ್ ಸೇರಿಸಿದರು. ನಗರದ ಜಾಜ್ ತಂಡಗಳ ಲಯ, ಕಪ್ಪು ಜನರ ಬ್ಲೂಸ್, ಅಪ್ಪನ ಪಿಟೀಲು, ಮೆಕ್ಸಿಕೊ ಗಡಿಯ ಧಾಟಿ ಎಲ್ಲಾ ಕಲೆಸಿ ಕುಣಿಯುವ ಸಂಗೀತ ಮಾಡಿದರು. ಇದಕ್ಕೆ ಆಮೇಲೆ "ವೆಸ್ಟರ್ನ್ ಸ್ವಿಂಗ್" ಅಂತ ಹೆಸರು ಬಂತು. 1940ರ ಹೊತ್ತಿಗೆ ತಂಡದಲ್ಲಿ ಹದಿನೆಂಟರಷ್ಟು ಜನ ಇದ್ದರು.

1935ರಲ್ಲಿ ಡಲ್ಲಾಸ್‌ನಲ್ಲಿ ಮೊದಲ ರೆಕಾರ್ಡಿಂಗ್‌ಗೆ ಕೂತಾಗ ಕಂಪನಿಯ ಆರ್ಟ್ ಸ್ಯಾಥರ್ಲಿ ಎಂಬವರಿಗೆ ಊದುವ ವಾದ್ಯ ನೋಡಿ ಗಾಬರಿ. ಹಾಡಿನ ನಡುವೆ ಈ ಕೂಗಾಟ ಬೇರೆ ಯಾಕೆ ಅಂತ ತಡೆದರು. ಹಾಗಾದರೆ ಗಂಟು ಕಟ್ಟಿ, ಹೋಗೋಣ ಅಂತ ವಿಲ್ಸ್ ತಂಡದವರಿಗೆ ಹೇಳಿದರಂತೆ. ಸ್ಯಾಥರ್ಲಿ ಸೋತರು. ಆ ಕೂಗೇ ರೆಕಾರ್ಡಿನ ಗುರುತಾಯಿತು. 1938ರಲ್ಲಿ ಬರೀ ವಾದ್ಯದಲ್ಲಿ ಬಂದ "ಸ್ಯಾನ್ ಆಂಟೋನಿಯೊ ರೋಸ್" 1940ರಲ್ಲಿ ಸಾಹಿತ್ಯ ಸೇರಿ, ಟಾಮಿ ಡಂಕನ್ ದನಿಯಲ್ಲಿ ಬಂದಾಗ ದೇಶದ ತುಂಬ ಹಬ್ಬಿತು. ಸಿನಿಮಾ ತಾರೆ ಬಿಂಗ್ ಕ್ರಾಸ್ಬಿ ಹಾಡಿದ ಮೇಲಂತೂ ಹಳ್ಳಿ ಹಾಡು, ಪೇಟೆ ಹಾಡು ಅನ್ನುವ ಗೆರೆಯೇ ಅಳಿಸಿತು.

1944ರ ಕೊನೆಗೆ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಓಪ್ರಿ ರೇಡಿಯೊ ವೇದಿಕೆಯಿಂದ ಕರೆ ಬಂತು. ಕಂಟ್ರಿ ಸಂಗೀತದವರಿಗೆ ಅದು ಮೈಸೂರು ಅರಮನೆ ಕಚೇರಿ ಇದ್ದ ಹಾಗೆ. ಅಲ್ಲಿ ಡ್ರಮ್‌ಗೆ ಜಾಗ ಇರಲಿಲ್ಲ. ಪರದೆ ಹಿಂದೆ ಇಟ್ಟು ಬಾರಿಸಿ ಅಂದರಂತೆ. ಕೊನೇ ಗಳಿಗೆಯಲ್ಲಿ ವಿಲ್ಸ್ ಅದನ್ನು ವೇದಿಕೆ ಮಧ್ಯಕ್ಕೆ ತರಿಸಿದರು ಅಂತ ಕಥೆ ಹೇಳುತ್ತಾರೆ.

ಗುಳೆ ಹೋದ ಕೇಳುಗರ ಹಿಂದೆ

ಎರಡನೇ ಮಹಾಯುದ್ಧ ತುಲ್ಸಾದ ತಂಡವನ್ನು ಚೆದುರಿಸಿತು. ಒಬ್ಬೊಬ್ಬರಾಗಿ ಸೈನ್ಯಕ್ಕೆ ಹೋದರು. 1942ರ ಕೊನೆಗೆ ವಿಲ್ಸ್ ಕೂಡ ಸೇರಿದರು. ವಯಸ್ಸು 37, ಸೈನ್ಯದ ಶಿಸ್ತು ಒಗ್ಗಲಿಲ್ಲ, 1943ರಲ್ಲಿ ಹೊರಗೆ ಬಂದರು. ತುಲ್ಸಾದ ಮಧ್ಯಾಹ್ನದ ಕಾರ್ಯಕ್ರಮವನ್ನು ತಮ್ಮ ಜಾನಿ ಲೀ ಕೈಗೆ ಬಿಟ್ಟು ಕ್ಯಾಲಿಫೋರ್ನಿಯಾ ಸೇರಿದರು. ಹತ್ತು ವರ್ಷದ ಹಿಂದೆ ಬರದಿಂದ ಗುಳೆ ಹೋದವರು, ಯುದ್ಧದ ಕಾರ್ಖಾನೆಗಳಿಗೆ ಕೆಲಸಕ್ಕೆ ಬಂದವರು ಅಲ್ಲಿ ತುಂಬಿದ್ದರು. ಊರ ದನಿ ಕೇಳಲು ಕಾದಿದ್ದ ಜನ ಅವರು. ವಿಲ್ಸ್ ಅವರ ನೃತ್ಯ ಕೂಟಗಳಿಗೆ ಸಾವಿರಗಟ್ಟಲೆ ಜನ ಸೇರಿದರು. ಬೆಂಗಳೂರಿಗೆ ದುಡಿಯಲು ಹೋದ ನಮ್ಮ ಕಡೆಯ ಹುಡುಗರು ಅಲ್ಲಿ ಊರ ನಾಟಕದ ತಂಡ ಬಂದರೆ ಹೇಗೆ ಮುಗಿಬೀಳುತ್ತಾರೆ ಅಂತ ನೆನೆಸಿಕೊಳ್ಳಿ.

ಇಲ್ಲಿ ಇನ್ನೊಂದು ಪ್ರಯೋಗ ನಡೆಯಿತು. 1946, 47ರಲ್ಲಿ ಟಿಫನಿ ಎಂಬ ಕಂಪನಿ ವಿಲ್ಸ್ ತಂಡದಿಂದ ಇನ್ನೂರಕ್ಕೂ ಹೆಚ್ಚು ಹಾಡು ರೆಕಾರ್ಡ್ ಮಾಡಿಸಿತು. ಅಂಗಡಿಯಲ್ಲಿ ಮಾರಲು ಅಲ್ಲ, ರೇಡಿಯೊ ಕೇಂದ್ರಗಳಿಗೆ ಕಳಿಸಲು. 16 ಇಂಚಿನ ದೊಡ್ಡ ತಟ್ಟೆಗಳು, ಒಂದೊಂದು ಮಗ್ಗುಲಲ್ಲಿ ಸುಮಾರು ಕಾಲು ಗಂಟೆಯ ಹಾಡು. ಮಾಮೂಲಿ ರೆಕಾರ್ಡಿನಲ್ಲಿ ಮೂರು ನಿಮಿಷದೊಳಗೆ ಎಲ್ಲಾ ಮುಗಿಸಬೇಕಿತ್ತು, ಇಲ್ಲಿ ಆ ಅವಸರ ಇಲ್ಲ. ತಂಡ ನೃತ್ಯಶಾಲೆಯಲ್ಲಿ ಬಾರಿಸಿದ ಹಾಗೇ ಬಾರಿಸಿತು. ವ್ಯಾಪಾರವಾಗಿ ಅದು ಕೈ ಹಿಡಿಯಲಿಲ್ಲ. ಆದರೆ ಹಲವು ದಶಕದ ನಂತರ ಆ ತಟ್ಟೆಗಳಿಂದ ಆಲ್ಬಂ ತಂದಾಗ, ವಿಲ್ಸ್ ಅಂದರೆ ಏನು ಅಂತ ತಿಳಿಯಬೇಕಾದರೆ ಇವನ್ನೇ ಕೇಳಬೇಕು ಅಂದವರು ಬಹಳ. ನನಗೂ ಹಾಗೇ ಅನಿಸಿದ್ದು.

1948ರಲ್ಲಿ ಹದಿನೈದು ವರ್ಷದ ಜೊತೆಗಾರ ಟಾಮಿ ಡಂಕನ್ ದೂರವಾದರು. ಕುಡಿತದಿಂದ ವಿಲ್ಸ್ ವೇದಿಕೆಗೆ ತಪ್ಪಿಸಿಕೊಂಡಾಗ ನೆರೆದ ಜನರ ಸಿಟ್ಟನ್ನು ಎದುರಿಸಬೇಕಾದವರು ಡಂಕನ್. ಓಡ್ಯಾನಿಯಲ್ ಹತ್ತಿರ ವಿಲ್ಸ್ ಕೆಲಸ ಹೋಗಿದ್ದೂ ಇದೇ ಕಾರಣಕ್ಕೆ ಅಲ್ಲವೇ?

ಗಲ್ಲಾದ ಮೇಲೆ ಕಣ್ಣಿಲ್ಲದಾಗ

1950ರಲ್ಲಿ ಡಲ್ಲಾಸ್‌ನಲ್ಲಿ "ಬಾಬ್ ವಿಲ್ಸ್ ರಾಂಚ್ ಹೌಸ್" ಎಂಬ ಭಾರೀ ನೃತ್ಯಶಾಲೆ ಎದ್ದಿತು. ಹೆಸರು ಅವರದೇ, ಜನವೂ ಬಂದರು. ಆದರೆ ಲೆಕ್ಕಪತ್ರ ಬೇರೆಯವರ ಕೈಯಲ್ಲಿತ್ತು, ವಿಲ್ಸ್ ಊರೂರು ತಿರುಗುತ್ತಿದ್ದರು. ಮೇಯೊ ಇಲ್ಲಿರಲಿಲ್ಲ, ತುಲ್ಸಾದಲ್ಲಿ ಜಾನಿ ಲೀ ಜೊತೆ ಉಳಿದಿದ್ದರು. ನಂಬಿದವರು ಕೈಕೊಟ್ಟರು. ಎಚ್ಚರ ಆಗುವ ಹೊತ್ತಿಗೆ ಸಾಲ, ತೆರಿಗೆ ಬಾಕಿ ತಲೆ ಮೇಲೆ ಬಂದಿತ್ತು. ನೃತ್ಯಶಾಲೆ ಕೈಬಿಟ್ಟಿತು, ಆಸ್ತಿ ಮಾರಿದರು. ಜೀವನದ ದೊಡ್ಡ ಹಾಡಾದ ಸ್ಯಾನ್ ಆಂಟೋನಿಯೊ ರೋಸ್‌ನ ಹಕ್ಕನ್ನೂ ಮಾರಿದರು.

ಚೀಲದ ಮೇಲೆ ಹೆಸರು ಬರೆಸಿಕೊಳ್ಳುವ ಮಟ್ಟಕ್ಕೆ ಬೆಳೆದವರು, ಬೋರ್ಡಿನ ಮೇಲೆ ಹೆಸರಿದ್ದರೆ ಸಾಕು ಅಂದುಕೊಂಡಲ್ಲಿ ಎಡವಿದರು ಅಂತ ನನಗೆ ಅನಿಸುತ್ತೆ. ಸಾಲ ತೀರಿಸಲು ಮತ್ತೆ ಬಸ್ಸು ಹತ್ತಿದರು. ಅಷ್ಟರಲ್ಲಿ ಟಿವಿ ಬಂದಿತ್ತು, ಎಲ್ವಿಸ್ ಪ್ರೆಸ್ಲಿ ಬಂದಿದ್ದರು, ವಾರಕ್ಕೆರಡು ದಿನ ನೃತ್ಯಶಾಲೆಗೆ ಹೋಗುವ ರೂಢಿ ಕಡಿಮೆಯಾಗಿತ್ತು. ತುಲ್ಸಾದಲ್ಲಿ ಜಾನಿ ಲೀ ನಡೆಸಿಕೊಂಡು ಬಂದಿದ್ದ ಮಧ್ಯಾಹ್ನದ ಪ್ರಸಾರ 1958ರಲ್ಲಿ ನಿಂತಿತು. 1962ರಲ್ಲಿ, 1964ರಲ್ಲಿ ವಿಲ್ಸ್‌ಗೆ ಹೃದಯಾಘಾತವಾಯಿತು. ಆಮೇಲೆ ತಂಡ ನಡೆಸುವುದನ್ನು ಬಿಟ್ಟು, ಬೇರೆಯವರ ತಂಡದ ಜೊತೆ ಹೋಗಿ ಬಾರಿಸುತ್ತಿದ್ದರು.

1968ರಲ್ಲಿ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಗೌರವ ಬಂತು. 1969ರ ಮೇ 30ರಂದು ಟೆಕ್ಸಸ್ ಶಾಸನಸಭೆ ಕರೆದು ಸನ್ಮಾನ ಮಾಡಿತು. ಮರುದಿನವೇ ಪಾರ್ಶ್ವವಾಯು ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಪಿಟೀಲಿನ ಕಮಾನು ಹಿಡಿಯುವ ಕೈ.

1973ರ ಡಿಸೆಂಬರ್‌ನಲ್ಲಿ ಹಳೇ ತಂಡದವರು ಡಲ್ಲಾಸ್‌ನಲ್ಲಿ ಸೇರಿ ಕೊನೆಯದೊಂದು ರೆಕಾರ್ಡಿಂಗ್ ಇಟ್ಟುಕೊಂಡರು. ಮೆಕಾಲಿಫ್ ಬಂದರು, ಸ್ಟ್ರಿಕ್ಲಿನ್ ಬಂದರು, ಡೇಕಸ್ ಬಂದರು. ಚಿಕ್ಕಂದಿನಿಂದ ವಿಲ್ಸ್ ಹಾಡು ಕೇಳಿ ಬೆಳೆದಿದ್ದ ಗಾಯಕ ಮೆರ್ಲ್ ಹ್ಯಾಗರ್ಡ್ ಕೂಡ ಬಂದರು. ಅವರ ಅಪ್ಪ ಅಮ್ಮ ಓಕ್ಲಹೋಮದಿಂದ ಕ್ಯಾಲಿಫೋರ್ನಿಯಾಗೆ ಗುಳೆ ಹೋದವರೇ. ಮೊದಲ ದಿನ ವಿಲ್ಸ್ ಗಾಲಿಕುರ್ಚಿಯಲ್ಲಿ ಕೂತು, ಕ್ಷೀಣ ದನಿಯಲ್ಲಿ ತಮ್ಮ ಹಳೇ ಉದ್ಗಾರ ತೆಗೆದರು. ಅದಾದ ಮೇಲೆ ಮತ್ತೆ ಪಾರ್ಶ್ವವಾಯು, ಪ್ರಜ್ಞೆ ತಪ್ಪಿತು. ಎರಡನೇ ದಿನ ಅವರಿಲ್ಲದೆಯೇ ಉಳಿದವರು ಕೆಲಸ ಮುಗಿಸಿದರು. 1975ರ ಮೇ 13ರಂದು ಫೋರ್ಟ್ ವರ್ತ್‌ನಲ್ಲಿ ತೀರಿಕೊಂಡರು. ಹಿಟ್ಟಿನ ಲಾರಿ ಓಡಿಸಿದ್ದ ಅದೇ ಊರು. ಮಣ್ಣು ಮಾಡಿದ್ದು ತುಲ್ಸಾದಲ್ಲಿ.

ಕೇನ್ಸ್ ನೃತ್ಯಶಾಲೆ ಇವತ್ತಿಗೂ ಬಾಗಿಲು ತೆರೆದಿದೆ, ಹಳೇ ಕಲಾವಿದರ ದೊಡ್ಡ ದೊಡ್ಡ ಪಟಗಳು ಗೋಡೆಯ ಮೇಲಿವೆ. ಟರ್ಕಿ ಊರಿನಲ್ಲಿ ಪ್ರತಿವರ್ಷ ಏಪ್ರಿಲ್ ಕೊನೆಯ ಶನಿವಾರ "ಬಾಬ್ ವಿಲ್ಸ್ ಡೇ" ನಡೆಯುತ್ತೆ. ಅವತ್ತು ಆ ಪುಟ್ಟ ಊರಿಗೆ ಅದರ ಜನಸಂಖ್ಯೆಗಿಂತ ಎಷ್ಟೋ ಪಾಲು ಹೆಚ್ಚು ಜನ ಬರುತ್ತಾರೆ, ಪಿಟೀಲು ಸ್ಪರ್ಧೆ ನಡೆಯುತ್ತೆ, ರಾತ್ರಿ ಕುಣಿತ ಇರುತ್ತೆ.